ಮಂಚದ ಕೆಳಗಿಂದ

ಮುಖದ ವಿಷಯ ನನ್ನ ಕೇಳಬೇಡ ಮಗು,
ನನಗೆ ಗೊತ್ತಿರೋದು ಕಾಲು.
ಹನ್ನೊಂದು ವರ್ಷ, ಇದೇ ಇಸ್ತಾಂಬುಲ್ಲಿನಲ್ಲಿ,
ಸೋಫಾದ ಹಿಂದೆ, ಮೇಜಿನಡಿ,
ಒಮ್ಮೆ ಪಿಯಾನೋದ ಹೊಟ್ಟೆಯ ಕೆಳಗೆ
ಅಂಗಾತ ಮಲಗಿ
ನಟರಿಗೆ ಮಾತು ಎತ್ತಿಕೊಟ್ಟವಳು ನಾನು.
ಆಗ ಯಾರು ಬಾಯಿಪಾಠ ಮಾಡ್ತಿದ್ದರು?
ಬೆಳಿಗ್ಗೆ ಒಂದು ಸಿನಿಮಾ, ಸಂಜೆ ಇನ್ನೊಂದು.
ಕ್ಯಾಮೆರಾಕ್ಕೆ ಕಿವಿ ಇರಲಿಲ್ಲ.
ನಾನು ಕೆಳಗಿಂದ ಕೂಗೋದು,
ಅವರು ಮೇಲೆ ತುಟಿ ಆಡಿಸೋದು.

ಬರ್ಕೋತೀಯಾ? ಬರ್ಕೋ.

ತುರ್ಗಾಯ್ ಕೊರ್ಕಾನ್. ಅರವತ್ತೇಳರಲ್ಲಿ
ಊರಿನ ಕ್ಷೌರದಂಗಡಿಗಳಲ್ಲೆಲ್ಲ ಅವನದೇ ಕ್ರಾಪು.
ನಾಯಕಿಯ ಹಣೆಗೆ ಮುತ್ತಿಡಬೇಕಾದರೆ
ಸೋಪಿನ ಪೆಟ್ಟಿಗೆ ತರಿಸಬೇಕು.
ಪೆಟ್ಟಿಗೆ ಕಿರುಗುಟ್ಟಿದರೆ ಅವನ ಕಿವಿ ಕೆಂಪಾಗ್ತಿತ್ತಂತೆ,
ಮೇಕಪ್ಪಿನವನು ಹೇಳ್ತಿದ್ದ.
ಕಪ್ಪುಬಿಳುಪಿನಲ್ಲಿ ಯಾರಿಗೆ ಕಾಣಬೇಕು.

ಹಯ್ರಿ ಬೊಜೋಕ್, ಖಳ. ಐವತ್ತು ಜನರ ಕತ್ತು ಹಿಸುಕಿದ ಕೈ.
ಕಾಲಿಗೆ ಅಮ್ಮ ಹೆಣೆದ ಕಾಲುಚೀಲ, ಹಿಮ್ಮಡಿಗೆ ಮಾತ್ರ ಹಳದಿ ನೂಲು.
ಗುಂಡು ಹಾರಿಸೋವಾಗ
ಬೂಟಿನೊಳಗೆ ಹೆಬ್ಬೆರಳು ಮುದುರಿಕೊಳ್ತಿತ್ತು,
ಆಮೇಲೆ ಬಗ್ಗಿ, ‘ಹೆದರಿದೆಯಾ ತಂಗಿ?’ ಅಂತಿದ್ದ.
ತರಕಾರಿ ಸಂತೆಗೆ ಹೋಗೋ ಹಾಗಿರಲಿಲ್ಲ ಪಾಪ,
ಮುದುಕಿಯರು ಛತ್ರಿಯಲ್ಲಿ ಬಾರಿಸೋರು.
ಅವನ ಮನೆಗೆ ಈರುಳ್ಳಿ ಒಯ್ದು ಕೊಡ್ತಿದ್ದದ್ದು ನಾನೇ.

ಇನ್ನು ಮೆಹ್ಪಾರೆ.
ಅವಳಿಗಾಗಿ ತಾನೇ ನೀನು ಮೂರು ಮಹಡಿ ಹತ್ತಿ ಬಂದದ್ದು?

ಅವಳ ರೇಷ್ಮೆ ಕಾಲುಚೀಲ ಎಡ ಮಂಡಿ ಹತ್ತಿರ ಹರಿದಿತ್ತು.
ಉಗುರುಬಣ್ಣ ಹಚ್ಚಿ ತಡೆದಿದ್ದಳು, ಅದು ಬರ್ಕೋ.
ಓದು ಬರ್ತಿರಲಿಲ್ಲ, ಅದು ಬರೀಬೇಡ.
ಇವತ್ತು ಅವಳ ಹಸ್ತಾಕ್ಷರ ಅಂತ ಹರಾಜಾಗೋ ಫೋಟೋಗಳಲ್ಲಿ
ಅರ್ಧಕ್ಕರ್ಧ ನನ್ನ ಕೈಬರಹ, ಸಾಲಕ್ಕೆ ಹಾಕಿದ ರುಜುವಿನ ಹಾಗೆ.
ನೀವು ಹುಚ್ಚಾದ ಆ ದನಿ? ಅದೂ ಅವಳದಲ್ಲ.
ಸಾಬಿಹಾ ಅಂತ, ನೂರು ಕಿಲೋ ಹೆಂಗಸು,
ಡಬ್ಬಿಂಗ್ ಕೋಣೆಯಲ್ಲಿ ಹುರಿಗಡಲೆ ಮೆಲ್ಲುತ್ತ
ನಾಲ್ಕು ನಾಯಕಿಯರಿಗೆ ಮಾತಾಡ್ತಿದ್ದಳು.
ಒಂದು ಸಿನಿಮಾದಲ್ಲಿ ಅಕ್ಕತಂಗಿಯರು ಕೂದಲು ಹಿಡಿದು ಜಗಳಾಡ್ತಾರೆ,
ಎರಡು ಕಡೆಯ ಬೈಗುಳವೂ ಸಾಬಿಹಾಳದೇ.

ಆ ಸಾವಿನ ದೃಶ್ಯ ಕೇಳು.
ಜನವರಿ. ಆಸ್ಪತ್ರೆಯ ಮಂಚ, ಅದರಡಿ ನಾನು, ಸಿಮೆಂಟು ನೆಲ.
ರೀಲು ಮುಗೀತಾ ಬಂದಿತ್ತು,
ಎರಡನೇ ಟೇಕಿಗೆ ನಿರ್ಮಾಪಕನ ಹತ್ತಿರ ದುಡ್ಡಿಲ್ಲ.
ಕೊನೆಯ ಸಾಲು: ‘ನಿನ್ನನ್ನು ಕ್ಷಮಿಸಿದ್ದೇನೆ, ಹೋಗು.’
ಹೇಳೋಣ ಅಂತ ಬಾಯಿ ತೆರೆದೆ, ಕೆಮ್ಮು ಬಂತು.
ನಿಲ್ಲಲೇ ಇಲ್ಲ. ಕಾಗದ ಬಾಯಿಗೆ ತುರುಕಿಕೊಂಡೆ.
ಮೇಲೆ ಕ್ಯಾಮೆರಾ ಗರಗರ ಓಡ್ತಿದೆ,
ಮೆಹ್ಪಾರೆಗೆ ಮಾತಿಲ್ಲ.
ಮಂಚದ ಸ್ಪ್ರಿಂಗು ಒಂದು ಗೇಣು ಕೆಳಕ್ಕೆ ಜಗ್ಗಿತು.
ಅವಳು ಏನೋ ಅಂದಳು, ಎರಡೇ ಮಾತು, ಸತ್ತಳು.
ದೇಶವೇ ಅತ್ತಿತು.
ಮುಂದಿನ ತಿಂಗಳು ಸಾಬಿಹಾ
ಆ ತುಟಿಗಳ ಮೇಲೆ ಕ್ಷಮೆಯನ್ನು ಅಂಟಿಸಿದಳು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.
ಹೋದ ಚಳಿಗಾಲ, ಮಧ್ಯಾಹ್ನ, ಟೀವಿಯಲ್ಲಿ ಅದೇ ಸಿನಿಮಾ.
ಮೇಲಿನ ಮನೆಯ ಶುಕೂಫೆ ದಡದಡ ಇಳಿದು ಬಂದಳು.
ಹುಟ್ಟುಕಿವುಡಿ ಅವಳು, ತುಟಿ ನೋಡಿಯೇ ಲೋಕ ತಿಳಿಯೋಳು.
ಸಾಬಿಹಾಳ ದನಿ ಅವಳಿಗೆ ಯಾವತ್ತೂ ತಲುಪಿಲ್ಲ.
ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ತೋರಿಸಿದಳು, ‘ಫಿ’,
ಇನ್ನೊಮ್ಮೆ, ನಿಧಾನಕ್ಕೆ, ‘ರೆಫಿಕಾ’,
ಆಮೇಲೆ ಹೆಬ್ಬೆರಳು ಬಾಯಿಗೆ ಎತ್ತಿ
‘ನೀರು ಕುಡಿ.’
ಸಾಯೋ ಹೆಂಗಸು ನಿನ್ನನ್ನು ಯಾಕೆ ಕರೆದಳು,
ಅಂತ ಅವಳ ಬೆರಳು ನನ್ನ ಎದೆಗೆ ಚುಚ್ಚಿ ಕೇಳಿತು.

ತಲೆ ಆಡಿಸಿದೆ. ಹೌದು, ನನ್ನನ್ನೇ.
ಅವಳು ಹೊಸ್ತಿಲು ಬಿಟ್ಟು ಕದಲಲಿಲ್ಲ.
ಮತ್ತೆ ಕೈ ಎತ್ತಿದಳು:
ಕುಡಿದೆಯಾ?

ಆ ಹೊತ್ತಿಗೆ ಲೈಟು ಬಿಚ್ಚುತ್ತಿದ್ದರು.
ತುರ್ಗಾಯ್‌ಗೆ ಪೆಟ್ಟಿಗೆ ಸಿಕ್ಕಿರಲಿಲ್ಲ, ಕೂಗಾಡ್ತಿದ್ದ.
ನೆನಪಿಲ್ಲ ಮಗು.
ಅದನ್ನು ಬರ್ಕೋ, ನೆನಪಿಲ್ಲ ಅಂತ.