ಗೇಟು ಬಿದ್ದದ

ಯಾದಗಿರಿಯಲ್ಲಿ ಹಳಿಯ ಈಚೆ ಒಂದು ಟಾಕೀಜು, ಆಚೆ ಒಂದು.
ಎರಡಕ್ಕೂ ಸೇರಿ ಬರುತ್ತಿದ್ದದ್ದು ಒಂದೇ ಸಿನಿಮಾ,
ಹೊರಲು ಒಬ್ಬನೇ ಲಾಡ್ಲೇಸಾಬ,
ಬ್ರೇಕಿಲ್ಲದ ಒಂದು ಸೈಕಲ್ಲು.

ಇಲ್ಲಿ ಮುಗಿದ ರೀಲು ಡಬ್ಬಿ ಸಮೇತ ಕ್ಯಾರಿಯರಿಗೆ,
ಇನ್ನೂ ಬಿಸಿ, ಈಗಷ್ಟೇ ಹಂಚಿನಿಂದ ಇಳಿದ ರೊಟ್ಟಿ.
ಇಲ್ಲಿ ಸತ್ತವಳು
ಅಲ್ಲಿ ಇನ್ನೂ ತಲೆ ಬಾಚಿಕೊಳ್ಳುತ್ತಿದ್ದಳು.

ಒಂದು ರಾತ್ರಿ ವಾಡಿ ಕಡೆಯ ಗೂಡ್ಸಿಗೆ ಗೇಟು ಬಿತ್ತು.
ಎಣಿಸಿದ: ಸಿಮೆಂಟು, ಸಿಮೆಂಟು, ಸಿಮೆಂಟು,
ಐವತ್ತೆಂಟು.
ಆಚೆ ಬಿಳೀ ಪರದೆಗೆ ಸೀಟಿ, ಚಪ್ಪಲಿ,
ಅವನ ತಾಯಿಗೆ ಬೈಗುಳ.
ಅವನು ಡಬ್ಬಿಗೆ ಕಿವಿ ಹಚ್ಚಿದ.
ಏನೂ ಕೇಳಲಿಲ್ಲ. ಬರೀ ಬಿಸಿ.

ಹದಿನಾಲ್ಕು ವರ್ಷ ಹೊತ್ತ, ಒಂದನ್ನೂ ಪೂರಾ ನೋಡಲಿಲ್ಲ.
“ಕಡೀಕ ಏನಾಯ್ತ್ರಿ?”
ಆಟ ಬಿಟ್ಟು ಬಂದವರನ್ನು ಕೇಳುತ್ತಿದ್ದ.
ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು,
ಎಲ್ಲವನ್ನೂ ನಂಬಿದ.

ಈಗ ಮಗಳು ಜೈತುನಳ ಮನೆ, ಗೋಡೆಯಗಲ ಟಿವಿ.
ಸೀರಿಯಲ್ಲಿನವಳು ಬಾಗಿಲು ತೆರೆಯುವಷ್ಟರಲ್ಲಿ
ಸಾಬೂನು ಬರುತ್ತದೆ, ಆಮೇಲೆ ಬಂಗಾರದಂಗಡಿ.
ಮೊಮ್ಮಕ್ಕಳ ಗದ್ದಲ.
“ತಡೀರಿ, ಗೇಟು ಬಿದ್ದದ” ಅನ್ನುತ್ತಾನೆ ಲಾಡ್ಲೇಸಾಬ,
ತೊಡೆಯ ಮೇಲಿನ ರಿಮೋಟು
ಮುಟ್ಟಿ ನೋಡುತ್ತಾನೆ.

ತಣ್ಣಗಿದೆ.