ಹಾನಿ ಎಂಬ ಕಾಲಂ

ಹೊಸ್ತಿಲಾಚೆ ನಾನು ಹೋಗುವಂತಿಲ್ಲ, ಹಾಗಾಗಿ
ಟೇಪಿನ ಸೊನ್ನೆ ನನ್ನ ಹೆಬ್ಬೆರಳಿನಡಿಗೆ,
ಉಳಿದದ್ದೆಲ್ಲ ಮುಕ್ರಿ ಇದ್ದಿನಬ್ಬರ ಕೈಗೆ.
ಬಂದರಿನ ಒಣಮೀನಿನ ಗಾಳಿ ಬೆನ್ನಿಗೆ,
ಒಳಗಿನ ತೇಗದ ತಂಪು ಮುಖಕ್ಕೆ.

"ಕಂಬ ಹದಿನಾಲ್ಕು. ಬರೆಯಿರಿ."
"ಮೊದಲನೆಯದು ಇಲ್ಲಿಂದ ಎಷ್ಟು ದೂರ?"
"ಅಂಕಿ ಕಾಣುವುದಿಲ್ಲ ಮಾರಾಯ್ತಿ, ಕನ್ನಡಕ ಮನೆಯಲ್ಲುಂಟು.
ಹದಿನೇಳು ಗೇಣು. ಮತ್ತೆ ಒಂದು ಉಗುರು."
ಫಾರಂ ಕೇಳುವುದು ಮಿಲಿಮೀಟರಿನಲ್ಲಿ.
ಉಗುರನ್ನು ಅಂಚಿನಲ್ಲಿ ಬರೆದಿಟ್ಟುಕೊಂಡೆ.

ಶೈಲಿ?
ಮಾಡು ನಮ್ಮ ಗುತ್ತಿನ ಮನೆಗಳದೇ ಇಳಿಜಾರು.
ತೊಲೆಯಲ್ಲಿ ಹೂವು, ಬಳ್ಳಿ, ಮತ್ತೆ
ಹಕ್ಕಿಯಾಗಲು ಹೊರಟು
ಎಲೆಯಾಗಿ ನಿಂತ ಒಂದು ಕೊಂಕು.
ಯಾವ ಆಚಾರಿಯ ಉಳಿಗೋ
ಇದು ಪಳ್ಳಿಯೆಂದು ತಡವಾಗಿ ನೆನಪಾಗಿರಬೇಕು.

ಕಾಲ?
"ರೂಮಿನ ಬಾದಶಹನ ಕಾಲ."
"ರೋಮ್?"
"ರೋಮಲ್ಲ, ರೂಮು. ಇಸ್ತಾಂಬೂಲು.
ನನ್ನ ಅಜ್ಜನ ಅಜ್ಜ ಶುಕ್ರವಾರದ ಖುತುಬಾದಲ್ಲಿ
ಅವನ ಹೆಸರು ಕೇಳಿದವರಂತೆ.
ಈ ದಕ್ಕೆ ಎಲ್ಲುಂಟೆಂದು ಅವನಿಗೆ ಗೊತ್ತಿರಲಿಲ್ಲ,
ಅವನ ಮುಖ ನಮಗೆ ಗೊತ್ತಿರಲಿಲ್ಲ.
ಲೆಕ್ಕ ಚುಕ್ತಾ."
ತಲೆಯ ಮೇಲೆ ತುರ್ಕಿ ದೀಪ ಅಲ್ಲಾಡಿತು,
ಯಾವುದೋ ಮಂಜಿಯಲ್ಲಿ ಬಂದದ್ದು, ಕೊಟ್ಟವರ ಹೆಸರಿಲ್ಲ.

ಕೊನೆಯ ಕಾಲಂ: ಹಾನಿ.
ಟೇಪು ಒಮ್ಮೆಲೇ ಸಡಿಲವಾಯಿತು.
"ಗೆದ್ದಲಾ?"
"ಅಲ್ಲ. ಗೀರು."
ಉತ್ತರ ಮೂಲೆಯ ಕಂಬದಲ್ಲಿ, ಸೊಂಟದಿಂದ ಎದೆಯವರೆಗೆ,
ಓದಲು ಬಂದ ಮಕ್ಕಳು ರಂಜಾನಿಗೊಮ್ಮೆ
ಬೆನ್ನು ಕೊಟ್ಟು ನಿಂತು, ಕತ್ತಿಯ ಮೊನೆಯಲ್ಲಿ
ನೆತ್ತಿಯನ್ನು ಮರಕ್ಕೆ ಒಪ್ಪಿಸಿದ್ದಾರೆ.

"ಇದು ನಾನು. ಇದು ಪಳ್ಳಿಕುಂಞಿ, ಈಗ ಜುಬೈಲಿನಲ್ಲಿ.
ಇದು ನನ್ನ ತಮ್ಮ, ಐದ್ರೂಸ್. ಇವನಿಗೆ
ಇದರ ಮೇಲೆ ಇನ್ನೊಂದು ಗೀರಿಲ್ಲ.
ಆ ವರ್ಷ ಅಳಿವೆಬಾಗಿಲಲ್ಲಿ ದೋಣಿ..."

ಹೊರಗೆ ಯಾರೋ ಐಸ್ ಒಡೆಯುತ್ತಿದ್ದರು.
ಹೌಳಿನ ಮೀನೊಂದು ಮೇಲೆ ಬಂದು, ಬಾಯಿ ತೆರೆದು, ಹೋಯಿತು.

"ಐದು ಗೇಣು," ಎಂದರು ಇದ್ದಿನಬ್ಬ. "ಇದನ್ನೂ ಬರೆಯಿರಿ."

ಹಾನಿಯ ಚೌಕದ ಮೇಲೆ ಪೆನ್ನು ನಿಂತೇ ಇತ್ತು.
ಮತ್ತೆ ಹಿಂದಿನ ಹಾಳೆಗೆ ಹೋಗಿ,
ಹದಿನಾಲ್ಕು ಕಂಬಗಳ ಪಟ್ಟಿಯ ಕೆಳಗೆ
ಸ್ಕೇಲಿಲ್ಲದೆ ಸೊಟ್ಟಗೆ ಒಂದು ಸಾಲೆಳೆದೆ:
ಹದಿನೈದು. ಎತ್ತರ, ಐದು ಗೇಣು.
ಕಚೇರಿಯಲ್ಲಿ ಕೇಳುತ್ತಾರೆ. ಕೇಳಲಿ.

"ಆಯಿತಲ್ಲ, ಬಿಡಿ," ಎಂದರು.
ಹೆಬ್ಬೆರಳು ಎತ್ತಿದೆ.
ಸೊನ್ನೆ ಹೊಸ್ತಿಲು ದಾಟಿ
ಸರ್ರನೆ ಒಳಗೆ ಓಡಿತು.