ಕರ್ತರಿ, ಕರ್ಮಣಿ

ಬ್ಯಾಲರಾಟ್‌ನಲ್ಲಿ ಜುಲೈ ಅಂದರೆ ಚಳಿಗಾಲ.
ಡೆಸ್ಮಂಡ್ ಪಾಸ್ಕೋನ ಅಂಗಡಿಯ ಗಾಜಿಗೆ ಒಳಗಿನಿಂದ ಬೆವರು,
ಬಾಗಿಲಲ್ಲಿ ಚೀಟಿ: ಕಾಫಿ ತರಬೇಡಿ, ನಾಯಿ ತರಬಹುದು.
ನಾವು ಎರಡನ್ನೂ ತಂದಿರಲಿಲ್ಲ.
ತಂದದ್ದು ಒಂದು ಕ್ಯಾಸೆಟ್ಟು, ಮೂರು ವಾರದ ಜಗಳ.

ನನಗೆ ಆಕ್ಟಿವ್ ಬೇಕು.
ಶಕ್ತಿ ಅದರ ಹೊಟ್ಟೆಯೊಳಗೇ ಇದೆ,
ಗೋಡೆಗೆ ಚುಚ್ಚಿದರೆ ಮುಗಿಯಿತು.
ಬಸವಂತನಿಗೆ ಪ್ಯಾಸಿವ್:
ಬರೀ ಪೆಟ್ಟಿಗೆ, ಕಾಗದದ ಎದೆ, ಅಯಸ್ಕಾಂತ;
ದೂರದಲ್ಲೊಂದು ಆಂಪ್ಲಿಫೈಯರ್ ಕೂತು ದುಡಿಯಬೇಕು,
ನಡುವೆ ಜಮಖಾನದ ಕೆಳಗೆ ತಂತಿ,
ಅದಕ್ಕೆ ಎಡವುವವಳು ನಾನು.

ಭಾನುವಾರ ಚರ್ಚ್ ಹಾಲ್‌ನಲ್ಲಿ
ಒಂಬತ್ತು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ.
ಕರ್ತರಿ: ಇಲಿ ಕಾಗದವನ್ನು ಕಡಿಯಿತು.
ಕರ್ಮಣಿ: ಇಲಿಯಿಂದ ಕಾಗದವು ಕಡಿಯಲ್ಪಟ್ಟಿತು.
ಮಕ್ಕಳು ನಗುತ್ತಾರೆ. ಯಾರಾದರೂ ಹೀಗೆ ಮಾತಾಡ್ತಾರಾ ಮಿಸ್?
ಇಲ್ಲ ಪುಟ್ಟ, ಅದು ನೋಟೀಸು ಬೋರ್ಡಿನ ಭಾಷೆ.
ಇಲ್ಲಿ ಉಗುಳುವುದನ್ನು ನಿಷೇಧಿಸಲಾಗಿದೆ.
ಯಾರು ನಿಷೇಧಿಸಿದರು?
ಗೊತ್ತಿಲ್ಲ. ಗೋಡೆ.
ಹಾಗಾಗಿ ಪ್ಯಾಸಿವ್ ಅಂದಾಗಲೆಲ್ಲ ನನಗೆ
ಮಾಡಿದವನು ನುಣುಚಿಕೊಂಡು ಹೋದ
ಖಾಲಿ ಜಾಗ ಕಾಣುತ್ತದೆ.

ಹದಿನಾರು ವರ್ಷದ ಕಲ್ಲು ಕ್ವಾರಿಯಲ್ಲಿ
ಬಸವಂತನ ಬಲಗಿವಿ ಹೋಗಿದೆ.
ಹೋಗಿದೆ, ನೋಡಿ, ಇದೂ ಅಂಥದೇ ಮಾತು;
ಯಾರು ಒಯ್ದರೆಂದು ಯಾವ ಫಾರಮ್ಮಿನಲ್ಲೂ ಬರೆದಿಲ್ಲ.
ಒಂದೇ ಕಿವಿಗೆ ಎರಡು ಸ್ಪೀಕರ್ ಯಾಕೆ?
ಮೂರು ವಾರದ ಜಗಳದಲ್ಲಿ
ಅದೊಂದು ಮಾತು ಮಾತ್ರ ನಾನು ಆಡಿಲ್ಲ.

ಪಾಸ್ಕೋ ಮೊದಲು ನನ್ನದನ್ನು ಹಚ್ಚಿದ.
ಚೆನ್ನಾಗಿತ್ತು. ಈಗಷ್ಟೇ ತೊಳೆದ ಸ್ಟೀಲ್ ಲೋಟದಂಥ ಸದ್ದು.
ಕ್ಯಾಸೆಟ್ಟಿನಲ್ಲಿ ಬಸವಂತನ ಅಕ್ಕ ಗಂಗವ್ವ,
ಅರಸೀಕೆರೆ ಜಂಕ್ಷನ್ನಿನ ಬೆಂಚಿನ ಮೇಲೆ,
ರೈಲು ಬಾರದ ಬೇಸರಕ್ಕೆ, ಹೊಸ ಟೇಪ್‌ರೆಕಾರ್ಡರಿಗೆ
ಒಗಟು ಹಾಕುತ್ತಾಳೆ:
ಗೂಡಿಲ್ಲದ ಹಕ್ಕಿ ಎರಡು ಮನಿ ನಡುವ ಮಲಗತೈತಿ, ಏನ ಹೇಳು?
ಉತ್ತರ ಬಾಯಿಗೆ ಬರುವಷ್ಟರಲ್ಲಿ ಸ್ಟೇಷನ್ನಿನ ಮೈಕು:
ವಿಳಂಬಕ್ಕಾಗಿ ವಿಷಾದಿಸಲಾಗಿದೆ.
ಆ ಉತ್ತರ ನಮಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಹಳೆಯ ಜೋಡಿಯೊಂದನ್ನು ಎಳೆದು ತಂದ,
ಮರದ ಮೈ, ಮೂಲೆಯಲ್ಲಿ ಬೆಕ್ಕು ಪರಚಿದ ಗೀರು.
"ಅದು ಸುಟ್ಟರೆ ಪೆಟ್ಟಿಗೆ ಸಮೇತ ರಿಪೇರಿಗೆ.
ಇಲ್ಲಿ ಆಂಪ್ಲಿಫೈಯರ್ ಸತ್ತರೆ ಇನ್ನೊಂದು ತನ್ನಿ, ಇವು ಕಾಯುತ್ತವೆ."
ಮತ್ತೊಂದು ಬಿಲ್ಲು, ಅಂದೆ ನಾನು.

ಬಸವಂತ ಮಾತಾಡಲಿಲ್ಲ.
ಕೋಟಿನ ಜೇಬಿನಿಂದ ಮುಳ್ಳಿನ ಮೀಟರು ತೆಗೆದ,
ಕೆಂಪಿಗೊಂದು ಕಡ್ಡಿ, ಕಪ್ಪಿಗೊಂದು ಕಡ್ಡಿ,
ಬಗ್ಗಿ ಆ ಕಾಗದದ ಎದೆಗೆ ಅಕ್ಕನ ಒಗಟು ಹೇಳಿದ.
ವಿದ್ಯುತ್ತಿಲ್ಲ, ಏನೂ ಇಲ್ಲ,
ಆದರೂ ಮುಳ್ಳು ಅಲುಗಿತು,
ಇರುವೆಯ ಮೀಸೆಯಷ್ಟು.
"ಇದು ಕೇಳ್ತೈತಿ," ಅಂದ. "ಒದರೂದು ಅಷ್ಟ ಅಲ್ಲ."

ನನ್ನ ವ್ಯಾಕರಣದಲ್ಲಿ ಇದಕ್ಕೆ ಪ್ರಯೋಗವಿಲ್ಲ.
ದುಡ್ಡು ಕೊಟ್ಟೆವು.

ಮನೆಯಲ್ಲಿ ದನಿ ತೆಳ್ಳಗಾಗಿತ್ತು.
ಟೇಪು ಸವೆದಿದೆ ಅಂತ ಅವನು, ಮುಖ ಸಣ್ಣ ಮಾಡಿಕೊಂಡು.
ನನಗೆ ಗಂಗವ್ವ ಯಾವ ಕಡೆಯಿಂದಲೂ ಬರುತ್ತಿರಲಿಲ್ಲ,
ಕೋಣೆಯಲ್ಲಿ ವಿಳಾಸವಿಲ್ಲದೆ ತೇಲುತ್ತಿದ್ದಳು.
ಮಂಡಿಯೂರಿ ಹಿಂದೆ ನೋಡಿದರೆ
ಎಡದ ಡಬ್ಬಿಯ ತಂತಿ ಅದಲು ಬದಲು.
ಕೆಂಪನ್ನು ಕೆಂಪಿಗೆ ಸಿಕ್ಕಿಸಿ
ಏಳುವಾಗ ಅದೇ ತಂತಿಗೆ ಎಡವಿದೆ. ಹೇಳಿದ್ದೆನಲ್ಲ.

ಎಡಗಿವಿ ಮುಂದೆ ಬರುವಂತೆ ಕುರ್ಚಿ ತಿರುಗಿಸಿಕೊಂಡ.
ಅವನ ಬಲಕ್ಕೆ, ಕೇಳದ ಕಡೆಗೆ, ನಾನು.
ಅರಸೀಕೆರೆ ಈಗ ನೆಲದಿಂದ ಅಂಗಾಲಿಗೆ ಏರಿತು.
ವಿಷಾದಿಸಲಾಗಿದೆ ಅನ್ನುವುದರ ಹಿಂದೆ,
ಇಷ್ಟು ವರ್ಷ ಕೇಳದ್ದು,
ಉತ್ತರವಲ್ಲ, ಗಂಗವ್ವನ ನಗು.

ಬಲಗಡೆಯಿಂದ ನಾನು ಅವನ ತೋಳು ಹಿಡಿದೆ.
ಇನ್ನೊಮ್ಮೆ ಹಚ್ಚು, ಅಂದ.
ಹಚ್ಚಿದೆ.